‘ತಾ ಇಲ್ಲಿ’ ಎಂಬ ಮನೆತನದ ಕಾಯಿಲೆ

ಕೆಲವು ಮನೆತನಗಳಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವಕ್ಕೆ ಬೊಕ್ಕತಲೆ. ನಮ್ಮ ಮನೆತನಕ್ಕೆ ಬಂದಿರುವುದು ‘ತಾ ಇಲ್ಲಿ’. ಇದು ಯಾವ ಡಾಕ್ಟರ ಪುಸ್ತಕದಲ್ಲೂ ಇಲ್ಲ, ಆದರೆ ಲಕ್ಷಣ ಸ್ಪಷ್ಟ. ಎದುರಿಗಿರುವವರು ಯಾವುದೋ ಕೆಲಸವನ್ನು ನಿಧಾನವಾಗಿ, ಸ್ವಲ್ಪ ಸೊಟ್ಟಗೆ ಮಾಡುತ್ತಿರುವುದು ಕಣ್ಣಿಗೆ ಬಿದ್ದರೆ ಸಾಕು, ನಮ್ಮ ಕೈ ತುರಿಸಲು ಶುರುವಾಗುತ್ತದೆ. ಬಾಯಿ ತಾನಾಗಿಯೇ ‘ತಾ ಇಲ್ಲಿ’ ಎನ್ನುತ್ತದೆ. ಮರುಕ್ಷಣ ಆ ಕೆಲಸ ನಮ್ಮ ಕೈಗೆ ಬಂದಿರುತ್ತದೆ. ಶಿಡ್ಲಘಟ್ಟದಲ್ಲಿ ನಾನು ಬೆಳೆದ ಮನೆಯಲ್ಲಿ ಅಜ್ಜಿ ಅಮ್ಮನ ಕೈಯಿಂದ ಮುದ್ದೆ ಕೋಲು ಕಿತ್ತುಕೊಳ್ಳುತ್ತಿದ್ದಳು, ಅಮ್ಮ ನನ್ನ ಕೈಯಿಂದ ಮಿಕ್ಕಿದ್ದೆಲ್ಲವನ್ನೂ. ಹೀಗಾಗಿ ನನಗೆ ಐವತ್ತರ ಹತ್ತಿರ ಬಂದರೂ ಮುದ್ದೆ ಕಟ್ಟಲು ಬರುವುದಿಲ್ಲ, ಪಂಚೆ ನೆಟ್ಟಗೆ ಉಡಲು ಬರುವುದಿಲ್ಲ. ಮದುವೆಯ ದಿನ ತಾಳಿಯ ಗಂಟು ಬಿಗಿಯಾಗಲಿಲ್ಲವೆಂದು ನಮ್ಮ ಸೋದರತ್ತೆ ಹಿಂದಿನಿಂದ ಕೈ ಚಾಚಿದ್ದರು. ಪುರೋಹಿತರು ತಡೆಯದೆ ಹೋಗಿದ್ದರೆ ನನ್ನ ಹೆಂಡತಿಗೆ ತಾಳಿ ಕಟ್ಟಿದವರು ಯಾರು ಎಂಬುದು ಇವತ್ತಿಗೂ ಚರ್ಚೆಯ ವಿಷಯವಾಗಿರುತ್ತಿತ್ತು.

ಇಂಥ ಕೈ ಇರುವವನು ಪಾಠ ಹೇಳುವ ಕೆಲಸಕ್ಕೆ ಹೋಗಬಾರದಿತ್ತು. ನಾನು ಹೋದೆ, ಅದೂ ವಿಮಾನ ಹಾರಿಸುವುದನ್ನು ಕಲಿಸಲು. ಚಿಕ್ಕಬಳ್ಳಾಪುರದ ನಮ್ಮ ಬೀದಿಯಲ್ಲಿ ಈ ಉದ್ಯೋಗಕ್ಕೆ ಮೊದಮೊದಲು ಒಳ್ಳೆಯ ಮರ್ಯಾದೆಯಿತ್ತು. ಒಮ್ಮೆ ಎದುರು ಮನೆಯ ಮೇಷ್ಟ್ರು, “ಯಾವ್ ಯಾವ್ ದೇಶಕ್ಕೆ ಹೋಗ್ತೀರಪ್ಪ?” ಎಂದು ಕೇಳಿದರು. “ದೇಶ ಎಲ್ಲಿ ಬಂತು ಮೇಷ್ಟ್ರೇ, ಹುಡುಗರನ್ನ ಕೂರಿಸ್ಕೊಂಡು ಗೌರಿಬಿದನೂರಿನ ಕಡೆ ಹೋಗ್ತೀನಿ, ಒಂದು ಸುತ್ತು ಹಾಕಿ ವಾಪಸ್ ಬರ್ತೀನಿ” ಎಂದೆ. ಅವರು ಕನ್ನಡಕ ಸರಿಮಾಡಿಕೊಂಡು, “ಅಷ್ಟಕ್ಕೆ ಬಸ್ಸೇ ಇದೆಯಲ್ಲಪ್ಪ” ಎಂದರು. ಅಂದಿನಿಂದ ಆ ಮರ್ಯಾದೆಯೂ ಬಸ್ ಹತ್ತಿ ಹೋಯಿತು.

ಅಲ್ಲಿಗೇ ನಿಲ್ಲಿಸಿದ್ದರೂ ಆಗುತ್ತಿತ್ತು. ಒಂದೇ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ನನ್ನ ಕಾಯಿಲೆ ಹೇಗೋ ಮುಚ್ಚಿಹೋಗಿತ್ತು. ಹೋದ ವರ್ಷ ನನಗೆ ಎರಡು ಎಂಜಿನ್ನಿನ ವಿಮಾನದ ಬೋಧಕನಾಗುವ ಆಸೆ ಹುಟ್ಟಿತು. ಎರಡು ಎಂಜಿನ್ ಎಂದರೆ ಎರಡರಷ್ಟು ಧೈರ್ಯ ಎಂದುಕೊಂಡಿದ್ದೆ. ಅದರ ಪಾಠವೆಲ್ಲ ಇರುವುದು ಒಂದು ಎಂಜಿನ್ ಕೈಕೊಟ್ಟಾಗ ಏನು ಮಾಡಬೇಕು ಎಂಬುದರಲ್ಲಿ. ಒಂದು ಎಂಜಿನ್ ನಿಂತರೆ ವಿಮಾನ ಆ ಕಡೆಗೇ ತಿರುಗಲು ನೋಡುತ್ತದೆ. ನೇರವಾಗಿಡಲು ಇನ್ನೊಂದು ಕಡೆಯ ಕಾಲಿನಿಂದ ಪೆಡಲ್ ಒತ್ತಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದರ್ಥ. ಸತ್ತದ್ದನ್ನು ಪೂರ್ತಿ ಬಂದ್ ಮಾಡಬೇಕು. ಗಾಬರಿಯಲ್ಲಿ ಅದನ್ನು ಬಿಟ್ಟು ಬದುಕಿರುವ ಎಂಜಿನ್ನನ್ನೇ ಬಂದ್ ಮಾಡಿದರೆ ಕಥೆ ಮುಗಿಯಿತು. ಬೋಧಕನಾದವನು ಬಲಗಡೆ ಕೂತು, ಸಾಕಷ್ಟು ಎತ್ತರದಲ್ಲಿ, ವಿದ್ಯಾರ್ಥಿಗೆ ಗೊತ್ತಾಗದಂತೆ ಒಂದು ಎಂಜಿನ್ನಿನ ಹಿಡಿಯನ್ನು ಹಿಂದಕ್ಕೆಳೆದು ಅದರ ಬಲವನ್ನು ಇಳಿಸಿಬಿಡಬೇಕು. ಆಮೇಲೆ ಸುಮ್ಮನಿರಬೇಕು. ವಿದ್ಯಾರ್ಥಿ ತಡವರಿಸಲಿ, ತಪ್ಪು ಹಿಡಿಯತ್ತ ಕೈ ಚಾಚಲಿ, ತಾನೇ ನೋಡಿ ತಾನೇ ತಿದ್ದಿಕೊಳ್ಳಲಿ ಎಂದು ಕಾಯಬೇಕು. ಅಪಾಯದ ಗೆರೆ ಹತ್ತಿರವಾದಾಗ ಮಾತ್ರ ನಾವು ವಿಮಾನವನ್ನು ಕೈಗೆ ತೆಗೆದುಕೊಳ್ಳಬೇಕು.

ನನ್ನನ್ನು ತಯಾರು ಮಾಡುತ್ತಿದ್ದವರು ಶ್ಯಾಮ್ ಸರ್, ವಾಯುಸೇನೆಯಿಂದ ನಿವೃತ್ತರಾದ ಶಾಂತ ಮನುಷ್ಯ. ಅವರು ಎಡಗಡೆ ಕೂತು ಏನೂ ಬಾರದ ಶಿಷ್ಯನ ವೇಷ ಹಾಕುತ್ತಿದ್ದರು, ನಾನು ಬಲಗಡೆ ಗುರು. ಎಂಜಿನ್ನಿನ ಬಲ ಇಳಿಸುವವನೂ ನಾನೇ, ಅವರು ಉಸಿರೆಳೆದುಕೊಳ್ಳುವ ಮೊದಲೇ ‘ಕೊಡಿ ಸಾರ್’ ಎಂದು ಹಿಡಿ ಕಸಿದುಕೊಂಡು ಸರಿಮಾಡುವವನೂ ನಾನೇ. ಒಂದು ದಿನ ಅವರು ಬೇಸತ್ತು, “ನಾನಿನ್ನೂ ತಪ್ಪೇ ಮಾಡಿಲ್ಲ, ನೀನಾಗ್ಲೇ ತಿದ್ದಿಬಿಟ್ಯಲ್ಲಪ್ಪ” ಎಂದರು. ಮೊದಲ ಸಲದ ಪರೀಕ್ಷೆಯಲ್ಲೂ ಇದೇ ಆಯಿತು. ಪರೀಕ್ಷಕರು ಇಳಿದ ಮೇಲೆ ಬಹಳ ವಿನಯದಿಂದ, “ಇಡೀ ಹಾರಾಟದಲ್ಲಿ ಕಲಿತದ್ದು ನೀವೊಬ್ಬರೇ” ಎಂದು ಹೇಳಿ ನಪಾಸು ಮಾಡಿದರು.

ಮನೆಗೆ ಬಂದು ಹೇಳಿಕೊಂಡಾಗ ನನ್ನ ಹೆಂಡತಿ ಸುಧಾ ಸ್ವಲ್ಪವೂ ಆಶ್ಚರ್ಯಪಡಲಿಲ್ಲ. “ಖಾಲಿ ಕೈ ಇದ್ರೆ ತಾನೇ ನಿಮ್ಗೆ ತೊಂದ್ರೆ? ಕೈಗೆ ಏನಾದ್ರೂ ಕೆಲ್ಸ ಕೊಟ್ಕೊಂಡು ಅಭ್ಯಾಸ ಮಾಡಿ” ಎಂದಳು. ಅದೇ ಸಮಯಕ್ಕೆ ಮಗಳು ಮೇಘನಾಳಿಗೆ ಹದಿನೆಂಟು ತುಂಬಿ, ಕಾರು ಕಲಿಯುವ ಲೈಸೆನ್ಸ್ ಬಂದಿತ್ತು. ಚಿಕ್ಕವಳಿದ್ದಾಗಿನಿಂದ ಅವಳದೊಂದೇ ಮಾತು: ಗಾಡಿ ಕಲಿಯುವುದಾದರೆ ಅಪ್ಪನ ಹತ್ತಿರವೇ. ಶಾಲೆಯಲ್ಲೂ ಹಾಗೆಂದು ಹೇಳಿಕೊಂಡು ತಿರುಗಿದ್ದಳು. ನಿಜ ಹೇಳಬೇಕೆಂದರೆ ಎರಡು ಎಂಜಿನ್ನಿನ ಆಸೆಗಿಂತ ಈ ಆಸೆಯೇ ನನಗೆ ದೊಡ್ಡದಾಗಿತ್ತು. ಮಗಳು ಸ್ಟೀರಿಂಗ್ ಹಿಡಿದು ಕೂತಿರಬೇಕು, ಪಕ್ಕದಲ್ಲಿ ನಾನಿರಬೇಕು, ಅವಳು ಕಲಿತದ್ದನ್ನು ನಾನು ಕಣ್ತುಂಬ ನೋಡಬೇಕು.

ಅವರೆಕಾಯಿಯ ಕಾಲ. ಒಂದು ಭಾನುವಾರ ಶಿಡ್ಲಘಟ್ಟದಿಂದ ಜಂಗಮಕೋಟೆಯ ಕಡೆ ಹೊರಟೆವು. ಸುಧಾ ಹಿಂದಿನ ಸೀಟಿನಲ್ಲಿ ಕೂತು, ಅವರೆಕಾಯಿಯ ಚೀಲವನ್ನು ನನ್ನ ತೊಡೆಯ ಮೇಲಿಟ್ಟು, ಮೇಲೊಂದು ಪಾತ್ರೆಯನ್ನೂ ಕೊಟ್ಟು, “ಬಿಡಿಸ್ತಾ ಕೂತ್ಕೊಳಿ. ಸಾಯಂಕಾಲ ಹಿತಕಿದ ಬೇಳೆ ಸಾರು” ಎಂದಳು. ಉಪಾಯ ಕೆಲಸ ಮಾಡಿತು. ಹಿಪ್ಪುನೇರಳೆ ತೋಟಗಳು ದಾಟಿದವು. ಮೇಘನಾ ಗೇರ್ ಬದಲಿಸುವಾಗ ಕಾರು ಕೆಮ್ಮಿತು. ನಾನು ಕಾಯಿ ಬಿಡಿಸಿದೆ. ಗುಂಡಿಗೆ ಚಕ್ರ ಇಳಿಸಿದಳು, ನಾನು ಕಾಯಿ ಬಿಡಿಸಿದೆ. ಪಾತ್ರೆ ಅರ್ಧ ತುಂಬಿತು. ನನ್ನ ಜನ್ಮದಲ್ಲಿ ಅಷ್ಟು ಹೊತ್ತು ಯಾರ ಕೆಲಸಕ್ಕೂ ಅಡ್ಡ ಬಾರದೆ ಕೂತದ್ದು ಅದೇ ಮೊದಲು.

ಆಗ ಒಂದು ಹಾಲು ಕರೆಯುವ ಎಮ್ಮೆ, ಡೈರಿಗೆ ತಾನೇ ಹಾಲು ಹಾಕಲು ಹೊರಟಂತೆ, ರಸ್ತೆಗೆ ಇಳಿಯಿತು. ಅದು ಇನ್ನೂ ದೂರದಲ್ಲಿತ್ತು. ಸಾಕಷ್ಟು ದೂರದಲ್ಲಿತ್ತು ಎಂದು ಈಗ ಹೇಳಬಲ್ಲೆ. ನನ್ನ ಎಡಗೈ ಸ್ಟೀರಿಂಗ್ ಹಿಡಿಯಿತು, ಬಲಗೈ ಹ್ಯಾಂಡ್‌ಬ್ರೇಕ್ ಎಳೆಯಿತು, ಬಾಯಿ ‘ತಾ ಇಲ್ಲಿ’ ಎಂದಿತು. ಬಿಡಿಸಿದ ಅವರೆಕಾಳೆಲ್ಲ ಎದುರಿನ ಗಾಜಿಗೆ ಬಡಿದು ಮೂವರ ತಲೆಯ ಮೇಲೂ ಅಕ್ಷತೆಯಾಗಿ ಬಿತ್ತು. ಕಾರು ರಸ್ತೆಯ ನಡುವೆ ಅಡ್ಡಡ್ಡ ನಿಂತಿತು. ಎಮ್ಮೆ ನಮ್ಮನ್ನೊಮ್ಮೆ ನೋಡಿ, ತನ್ನ ಪಾಡಿಗೆ ದಾಟಿ ಹೋಯಿತು. ಹಿಂದೆ ರೇಷ್ಮೆಗೂಡು ತುಂಬಿಕೊಂಡು ಬಂದ ಟೆಂಪೋದವನು ಇಳಿದು ಬಂದು ಒಳಗೆ ಇಣುಕಿದ. “ಏಮಪ್ಪಾ, ಅವರೆಕಾಯಿ ಬಿಡಿಸಾಕೆ ನಿಂಗೆ ರೋಡೇ ಬೇಕಿತ್ತಾ?” ಎಂದು ಕೇಳಿದ.

ಮೇಘನಾ ಬೈಯಲಿಲ್ಲ, ಅಳಲಿಲ್ಲ. ಕೂದಲಿನಿಂದ ಒಂದು ಕಾಳನ್ನು ತೆಗೆದು ಪಾತ್ರೆಗೆ ಹಾಕಿದಳು. “ಎಮ್ಮೆ ನಂಗೂ ಕಾಣಿಸ್ತಪ್ಪ. ನನ್ನ ಕಾಲು ಬ್ರೇಕ್ ಮೇಲೇ ಇತ್ತು. ನಿನ್ನ ಕೈ ಮೊದ್ಲು ಬಂತು” ಎಂದಳು. ಆಮೇಲೆ ಕೀಲಿಯನ್ನು ನನ್ನ ಕೈಗಿಟ್ಟು ಹಿಂದೆ ಹೋಗಿ ಅವಳಮ್ಮನ ಪಕ್ಕ ಕೂತಳು. ಆ ದಿನದ ಸಾರು ನನಗೆ ಇಳಿಯಲಿಲ್ಲ. ಇಂಥ ಮಾತನ್ನು ನಾನೂ ಚಿಕ್ಕಂದಿನಲ್ಲಿ ಅಮ್ಮನಿಗೆ ಹೇಳಬೇಕೆಂದುಕೊಂಡು, ಧೈರ್ಯವಿಲ್ಲದೆ ನುಂಗಿಕೊಂಡಿದ್ದೆ ಎಂಬುದು ನೆನಪಾಯಿತು.

ಎರಡನೆಯ ಸಲ ಪರೀಕ್ಷೆಗೆ ಕೂತೆ. ಚಿಂತಾಮಣಿಯ ಕಡೆಯ ಆಕಾಶ, ಎಡಗಡೆ ಪರೀಕ್ಷಕರು ಶಿಷ್ಯನ ವೇಷದಲ್ಲಿ. ಎಡಗಡೆಯ ಎಂಜಿನ್ನಿನ ಬಲ ಇಳಿಸಿದೆ. ವಿಮಾನ ವಾಲಿತು. ಅವರ ಕೈ ಬೇಕೆಂತಲೇ ಬಲಗಡೆಯ ಹಿಡಿಯತ್ತ ಹೊರಟಿತು. ನನ್ನ ಕೈ ಎದ್ದಿತು. ‘ನಿನ್ನ ಕೈ ಮೊದ್ಲು ಬಂತು’ ಎಂಬುದು ಕಿವಿಯಲ್ಲಿ ಕೇಳಿಸಿತು. ಕೈ ಹಿಡಿಯ ಹತ್ತಿರವೇ ನಿಂತಿತು. “ಯಾವ ಕಾಲಿಗೆ ಕೆಲಸವಿಲ್ಲ, ನೋಡಿ ಹೇಳಿ” ಎಂದಷ್ಟೇ ಹೇಳಿದೆ. ಅವರು ನೋಡಿದರು, ಹೇಳಿದರು, ತಿದ್ದಿಕೊಂಡರು. ಪಾಸಾದೆ. ಈಗ ಯಾರ ಯಾರದೋ ಮಕ್ಕಳು ನನ್ನ ಪಕ್ಕ ಕೂತು ತಪ್ಪು ಮಾಡಿ ಕಲಿಯುತ್ತಾರೆ. ನನಗೆ ತಾಳ್ಮೆ ಜಾಸ್ತಿ ಎಂದು ಅವರೆಲ್ಲ ಹೊಗಳುತ್ತಾರೆ. ಆ ತಾಳ್ಮೆ ಯಾರ ಪಾಲಿನದು ಎಂದು ಅವರಿಗೆ ಗೊತ್ತಿಲ್ಲ, ನಾನು ಹೇಳಲು ಹೋಗುವುದೂ ಇಲ್ಲ.

ಪಾಸಾದ ದಿನ ಮನೆಗೆ ಹೋಗಿ ಸಂತೋಷದಿಂದ, “ಬಾಮ್ಮ, ಈಗ ಕಲಿಸ್ತೀನಿ” ಎಂದೆ. ಅಷ್ಟರಲ್ಲಿ ಅವಳು ಕಲಿತಾಗಿತ್ತು. ಕಲಿಸಿದ್ದು ನನ್ನ ಭಾವಮೈದ, ದಿಬ್ಬೂರಹಳ್ಳಿಯ ಹೈಸ್ಕೂಲಿನಲ್ಲಿ ಗುಮಾಸ್ತ. ಅವನ ಬೋಧನಾಕ್ರಮ ಸರಳ. ಬೆಲ್ಟ್ ಹಾಕಿಕೊಂಡು, “ನೋಡ್ಕೊಂಡು ಹೋಗಮ್ಮ” ಎಂದು ಹೇಳಿ ನಿದ್ದೆ ಹೋಗುವುದು. ನನಗೆ ಇಷ್ಟು ವರ್ಷ ಬಾರದ ವಿದ್ಯೆ ಅವನಿಗೆ ಊಟವಾದ ಕೂಡಲೇ ತಾನಾಗಿ ಬರುತ್ತದೆ.

ಮೇಘನಾ ಈಗ ಎಲ್ಲರನ್ನೂ ಕೂರಿಸಿಕೊಂಡು ಹೋಗುತ್ತಾಳೆ. ನಾನು ಪಕ್ಕದಲ್ಲಿ ಕೂತರೆ ಮಾತ್ರ ಅವಳ ಭುಜ ಬಿಗಿಯುತ್ತದೆ, ಗೇರ್ ಕಿರುಗುಟ್ಟುತ್ತದೆ, ನೆಟ್ಟಗಿರುವ ರಸ್ತೆಯಲ್ಲೂ ಗಾಡಿ ನಿಂತುಬಿಡುತ್ತದೆ. ನಾನು ಕೈ ಕಟ್ಟಿಕೊಂಡು ತೋರಿಸಿದೆ, ಪ್ರಯೋಜನವಾಗಲಿಲ್ಲ. ಹೋದ ತಿಂಗಳು ಎಲ್ಲರೂ ವಿದುರಾಶ್ವತ್ಥಕ್ಕೆ ಹೊರಟೆವು. ನಾನು ಹಿಂದಿನ ಸೀಟಿನಲ್ಲಿ ಕೂತು, ಭಾವಮೈದನನ್ನು ನೆನೆದು, ಕಣ್ಣು ಮುಚ್ಚಿ ಸಣ್ಣಗೆ ಗೊರಕೆ ಶುರುಮಾಡಿದೆ. ಸ್ವಲ್ಪ ಹೊತ್ತಿಗೆ ಮೇಘನಾಳ ದನಿ ಕೇಳಿಸಿತು: “ಅಮ್ಮಾ, ಅಪ್ಪಂಗೆ ನಿದ್ದೆ ಬಂತಾ?” ಸುಧಾ ಹೂಂ ಎಂದಳು. ಅಷ್ಟೇ, ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು. ತಿರುವುಗಳು ಬಂದವು, ಉಬ್ಬುಗಳು ಬಂದವು, ಎಲ್ಲೂ ಒಂದು ಕುಲುಕಾಟವಿಲ್ಲ. ಮಗಳು ಹಾಡು ಗುನುಗುತ್ತಿದ್ದಳು.

ಆಮೇಲಿನಿಂದ ಇದೇ ಏರ್ಪಾಡು. ನನ್ನ ಗೊರಕೆ ಈಗ ಬಹಳ ಸುಧಾರಿಸಿದೆ. ಕಾಲು ಮಾತ್ರ ಆಗಾಗ ಕೆಳಗಿನ ಮ್ಯಾಟನ್ನು ಒತ್ತುತ್ತದೆ, ಸುಧಾ ಮೆಲ್ಲಗೆ ಚಿವುಟುತ್ತಾಳೆ. ನನ್ನ ಮಗಳು ಸಲೀಸಾಗಿ ಕಾರು ಓಡಿಸುವುದನ್ನು ಇವತ್ತಿನವರೆಗೂ ನಾನು ಕಣ್ಣಾರೆ ಕಂಡಿಲ್ಲ. ತುಂಬ ಚೆನ್ನಾಗಿ ಓಡಿಸುತ್ತಾಳಂತೆ.