ಆರನೇ ಹಾಳೆಯ ಮೂರು ತೂತು

ಮರ್ವಿನ್ ಟಪ್ಪರನ ಗ್ರಹಚಾರ ಕೆಟ್ಟದ್ದು ಅವನು ಬಂದೂಕಿನ ಅಂಗಡಿಯಲ್ಲಿ ಬಾಯಿಬಿಟ್ಟು "ಯಾವ ಗುಂಡು ಒಳ್ಳೇದು?" ಎಂದು ಕೇಳಿದ್ದರಿಂದ. ಬೇಟೆಗಾರರೇ ತುಂಬಿದ ಟಿ ಆನೌ ಊರಿನಲ್ಲಿ ದೇವರ ಬಗ್ಗೆ ಕೇಳಿದರೆ ನಾಲ್ಕು ಜನ ಸುಮ್ಮನಿದ್ದಾರು. ಗುಂಡಿನ ಬಗ್ಗೆ ಕೇಳಿದರೆ ಒಬ್ಬನೂ ಸುಮ್ಮನಿರುವುದಿಲ್ಲ.

ಹನ್ನೊಂದು ವರ್ಷ ಅರ್ಜಿ ಹಾಕಿದ ಮೇಲೆ ವಾಪಿಟಿ ಬೇಟೆಯ ಚೀಟಿಯಲ್ಲಿ ಈ ಸಲ ಅವನ ಹೆಸರು ಎದ್ದಿತ್ತು. ನಾಳೆ ಬೆಳಿಗ್ಗೆ ಏಳಕ್ಕೆ ಕಾಡಿಗೆ ಹೆಲಿಕಾಪ್ಟರ್. ವಾಪಿಟಿಯೆಂದರೆ ಕುದುರೆ ಗಾತ್ರದ ಜಿಂಕೆ, ಅದಕ್ಕೆ ಗುರಿ ತಪ್ಪುವುದು ಕಷ್ಟ. ಆದರೆ ಹೋದ ವರ್ಷ ಅರವತ್ತು ಹೆಜ್ಜೆಯಲ್ಲಿ ಹುಲ್ಲು ಮೇಯುತ್ತಿದ್ದ ಜಿಂಕೆಗೆ ಮರ್ವಿನ್ ಗುರಿ ತಪ್ಪಿದ್ದ. ಅಂದಿನಿಂದ ಅವನು ಓಡಿಸುವ ಶಾಲಾ ಬಸ್ಸಿನ ಮಕ್ಕಳೂ ಅವನನ್ನು ಕಂಡರೆ ಹುಲ್ಲು ಮೇಯುವಂತೆ ನಟಿಸುತ್ತಿದ್ದರು. ಈ ಸಲವೂ ತಪ್ಪಿದರೆ ಊರು ಬಿಡುವುದೇ ಸೈ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

"ನೀಲಿ ಡಬ್ಬಿ ತಗೋ, ನೂರೈವತ್ತು ಗ್ರೇನ್ ತೂಕದ್ದು. ಗುಂಡು ಹಗುರ, ನೇರ ಹೋಗತ್ತೆ," ಎಂದ ಅವನ ಜೊತೆ ಬೇಟೆಗೆ ಹೊರಟಿದ್ದ ರೋವನ್.

"ಅದು ಮೊಲಕ್ಕೆ ಕಣೋ!" ಎಂದ ಗುರಿಮೈದಾನದ ಮೇಲ್ವಿಚಾರಕ ಹೆಮಿ. "ಕೆಂಪು ತಗೋ ಮಾರಾಯ. ನೂರೆಂಬತ್ತು. ಭುಜದ ಮೂಳೆ ಪುಡಿ ಮಾಡ್ಬೇಕು."

"ಯಾರ ಭುಜದ್ದು?"

"ಮೊದಲು ನಿಂದು, ಆಮೇಲೆ ಅದರದ್ದು."

ಅಂಗಡಿಯ ಇಯಾನ್ ಹಳದಿ ಡಬ್ಬಿಯ ಧೂಳು ಒರೆಸಿದ. "ಇದನ್ನೂ ನೋಡು ಮರ್ವ್. ಯಾವುದು ರುಚಿ ಅಂತ ರೈಫಲ್ಲೇ ಹೇಳ್ಬೇಕು. ಐದಕ್ಕೆ ಬಾಗಿಲು ಹಾಕ್ತೀನಿ, ನೆನಪಿರಲಿ."

ಮರ್ವಿನ್ ಮೂರನ್ನೂ ಕೊಂಡ. ಎರಡು ಗಂಟೆಗೆ ಮೈದಾನ ಸೇರಿದಾಗ ರೋವನ್ನೂ ಹೆಮಿಯೂ ಅವನಿಗಿಂತ ಮೊದಲೇ ಬಂದು ನಿಂತಿದ್ದರು.

ಅಲ್ಲಿ ಮೇಜು ನಾಲ್ಕೇ, ಗುರಿಹಾಳೆ ಒಂಬತ್ತು. ಯಾರಿಗೆ ಯಾವುದೆಂದು ಹೆಮಿಯೇ ಹಂಚುತ್ತಾನೆ. ಮರ್ವಿನನಿಗೆ ಆರನೆಯದು ಬಂತು. ನೀಲಿ ಗುಂಡಿನ ಮೂರು ತೂತುಗಳನ್ನು ಒಂದು ಚಹಾ ಬಸಿಯಲ್ಲಿ ಮುಚ್ಚಬಹುದಿತ್ತು. ಕೆಂಪಿಗೆ ಊಟದ ತಟ್ಟೆಯೇ ಬೇಕಾಯಿತು.

"ಉಸಿರು ಹಿಡೀಬೇಡ!" ಎಂದ ರೋವನ್.

"ಉಸಿರು ಹಿಡಿಯೋ!" ಎಂದ ಹೆಮಿ.

ಮರ್ವಿನನಿಗೆ ಉಸಿರೇ ಕಟ್ಟಿತು. ಪ್ರತಿ ಸಲ ಹೊಸ ಹಾಳೆ ಅಂಟಿಸಿ ನಳಿಗೆ ಆರಲು ಕಾಯಬೇಕು, ಗಡಿಯಾರ ಮಾತ್ರ ಕಾಯುತ್ತಿರಲಿಲ್ಲ. ಭುಜ ಊದಿ ಇಡ್ಲಿಯಾಗಿತ್ತು. ಹಳದಿ ಗುಂಡಿನ ಸರದಿ ಬರುವಷ್ಟರಲ್ಲಿ ಬಂದೂಕಿನ ಕುದುರೆ ಎಳೆಯುವ ಮೊದಲೇ ಅವನ ಎರಡೂ ಕಣ್ಣು ತಾವಾಗಿ ಮುಚ್ಚುತ್ತಿದ್ದವು.

ಪಕ್ಕದ ಮೇಜಿಗೆ ನೋಲೀನ್ ಬಂದಳು. ವಯಸ್ಸು ಎಪ್ಪತ್ತೆಂಟು, ಒಂದು ಕಾಲದಲ್ಲಿ ಸರ್ಕಾರದ ಸಂಬಳಕ್ಕೆ ಕಾಡಿನಲ್ಲಿ ಮಿತಿಮೀರಿದ ಜಿಂಕೆಗಳನ್ನು ಹೊಡೆದವಳು. ಹೆಮಿ ಅವಳಿಗೆ ನಾಲ್ಕನೇ ಹಾಳೆ ಕೊಟ್ಟ. ಅವಳು ಮೂರು ಗುಂಡು ಹೊಡೆದು ಬಂದೂಕು ಕೆಳಗಿಟ್ಟಳು. ಮರ್ವಿನನೂ ಹಳದಿಯ ಮೂರು ಮುಗಿಸಿದ್ದ.

"ಎಲ್ಲ ಬಂದೂಕು ಖಾಲಿ ಮಾಡ್ರಪ್ಪ! ಹಾಳೆ ನೋಡೋಣ!" ಎಂದು ಹೆಮಿ ಕೂಗಿದ.

ಆರನೇ ಹಾಳೆಯ ನಟ್ಟನಡುವೆ ಮೂರು ತೂತು ಒಂದರ ಮೈಮೇಲೊಂದು ಬಿದ್ದಿದ್ದವು. ಒಂದು ನಾಣ್ಯ ಸಾಕಿತ್ತು ಮುಚ್ಚಲು. ಹೆಮಿ ಟೋಪಿ ತೆಗೆದ. ರೋವನ್ ತೂತಿಗೆ ಬೆರಳಿಟ್ಟು ನೋಡಿದ. ನೋಲೀನಳ ಹಾಳೆ ಒಗೆದ ಬಟ್ಟೆಯಂತೆ ಬಿಳಿಯಾಗಿತ್ತು. ಅವಳು ಅದನ್ನೇ ದಿಟ್ಟಿಸುತ್ತಾ ಉಳಿದಳು. ಆ ಗದ್ದಲದಲ್ಲಿ ಮುದುಕಿಯನ್ನು ಕೇಳುವವರು ಯಾರು?

ಮರ್ವಿನನ ಕಣ್ಣಲ್ಲಿ ನೀರೇ ಬಂತು. ಆ ಹಾಳೆಯನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡು ತಿರುಗಿದರೆ ರೋವನ್ನೂ ಇಲ್ಲ, ಹೆಮಿಯೂ ಇಲ್ಲ, ಅವರ ಎರಡು ವಾಹನಗಳ ಧೂಳು ಮಾತ್ರ ಎದ್ದಿತ್ತು.

ಅಂಗಡಿ ಮುಟ್ಟುವಷ್ಟರಲ್ಲಿ ಐದಕ್ಕೆ ಹತ್ತು ನಿಮಿಷ. ಹಳದಿಯ ಕಪಾಟು ಬರಿದಾಗಿತ್ತು. ರೋವನ್ನನ ಕಂಕುಳಲ್ಲಿ ನಾಲ್ಕು ಡಬ್ಬಿ, ಹೆಮಿಯ ಕಂಕುಳಲ್ಲಿ ಐದು.

"ನನಗೆ ಉಳಿದಿರೋ ಹದಿನೇಳು ಗುಂಡು ಸಾಲಲ್ಲ! ಒಂದು ಡಬ್ಬಿ ಕೊಡ್ರೋ!" ಎಂದು ಮರ್ವಿನ್ ಅಂಗಲಾಚಿದ.

"ನಿನ್ನ ನೀಲಿದೂ ಕೆಂಪುದೂ ಇತ್ಲಾಗೆ ಕೊಡು," ಎಂದ ಹೆಮಿ. ಮರ್ವಿನ್ ಹಿಂದೆಮುಂದೆ ನೋಡದೆ ಕೊಟ್ಟ. ಬದಲಿಗೆ ಸಿಕ್ಕ ಹಳದಿ ಡಬ್ಬಿಯನ್ನು ಕೂಸಿನಂತೆ ಎದೆಗವಚಿಕೊಂಡ.

ಆಗ ನೋಲೀನ್ ಒಳಗೆ ಬಂದಳು.

"ಹೆಮಿ, ಈಗ ಹಾಳೇನ ಯಾವ ಕಡೆಯಿಂದ ಎಣಿಸ್ತೀರೋ?"

"ರಸ್ತೆ ಕಡೆಯಿಂದ. ಹೋದ ತಿಂಗಳು ಬದಲಾಯಿಸಿದ್ವಲ್ಲ ಅಜ್ಜಿ."

"ಯಾವನು ಹೇಳ್ದ ನಂಗೆ? ಐವತ್ತು ವರ್ಷ ಹೊಳೆ ಕಡೆಯಿಂದಲೇ ಎಣಿಸಿದ್ದು. ಇವತ್ತೂ ಹಾಗೇ ಎಣಿಸಿ ಹೊಡ್ದೆ."

ಹೆಮಿ ಬೆರಳು ಮಡಚಿದ. ಒಂಬತ್ತು, ಎಂಟು, ಏಳು... ಆರು. ಎಲ್ಲರೂ ಮರ್ವಿನನ ಎದೆಯ ಜೇಬು ನೋಡಿದರು.

"ಯಾವ ಗುಂಡು ಅಜ್ಜಿ ಅದು?" ರೋವನ್ ಬಾಯಾರಿದವನಂತೆ ಕೇಳಿದ.

"ನಮ್ಮೆಜಮಾನ್ರ ಕಾಲದ್ದು. ಆ ಕಾರ್ಖಾನೆ ಮುಚ್ಚಿ ಇಪ್ಪತ್ತು ವರ್ಷ ಆಯ್ತು. ಅವೇ ಕೊನೇ ಮೂರು."

ರೋವನ್ ಇಯಾನನ ಕಡೆ ತಿರುಗಿದ. ಬಾಯಿ ತೆರೆಯುವ ಮೊದಲೇ ಇಯಾನ್, "ಗುಂಡು ಒಮ್ಮೆ ಅಂಗಡಿ ದಾಟಿದ್ರೆ ವಾಪಸ್ ತಗೊಳ್ಳೋಲ್ಲ. ಗೋಡೆ ಮೇಲೆ ಬರ್ದಿದೀನಿ," ಎಂದು ಬಾಗಿಲ ಬೀಗ ಕೈಗೆತ್ತಿಕೊಂಡ.

ರೋವನ್ ತನ್ನ ನಾಲ್ಕು ಡಬ್ಬಿಗಳನ್ನು ಮರ್ವಿನನ ಕೈಮೇಲೆ ಪೇರಿಸಿದ. ಹೆಮಿ ಅದರ ಮೇಲೆ ಉಳಿದ ನಾಲ್ಕನ್ನು ಇಟ್ಟ. "ನಿನ್ನ ನಂಬಿ ತಗೊಂಡಿದ್ದು. ನೀನೇ ಇಟ್ಕೋ."

"ನನ್ನ ನೀಲಿ ಡಬ್ಬಿ ವಾಪಸ್ ಕೊಡೋ ಹೆಮಿ! ಅದಾದ್ರೂ ಬಸಿಯೊಳಗೆ ಬಿದ್ದಿತ್ತು!"

"ವ್ಯವಹಾರ ಆಗೋಯ್ತಲ್ಲ," ಎಂದು ಹೆಮಿ ಹೊರಟೇಬಿಟ್ಟ.

ನೋಲೀನ್ ಒಬ್ಬಳು ಮಾತ್ರ ಮರುಕದಿಂದ ಅವನ ಊದಿದ ಭುಜ ತಟ್ಟಿದಳು.

"ಅದೆಲ್ಲ ಇರ್ಲಿ ಮಗಾ, ಆ ಹಾಳೇಲಿ ತೂತು ಇದ್ದದ್ದೇ ಮೂರು. ಹಾಗಾದ್ರೆ ನೀನು ಹೊಡ್ದ ಮೂರು ಎಲ್ಲಿ ಹೋದ್ವೋ?"