ಮಾವನ ರುಮಾಲು ಗೂಟಕ್ಕೇರಿದಾಗ

ನನ್ನ ಸೋದರಮಾವನಷ್ಟು ಬೈಸಿಕೊಳ್ಳಲು ಹಾತೊರೆದ ಯಜಮಾನ ಈ ಭೂಮಿಯ ಮೇಲೆ ಇನ್ನೊಬ್ಬನಿರಲಿಕ್ಕಿಲ್ಲ. ಉಳಿದ ಯಜಮಾನರು ಆಳುಗಳನ್ನು ಬೈಯುತ್ತಾರೆ. ಇವನು ‘ನನ್ನನ್ನು ಬೈಯಿರಿ’ ಎಂದು ಆಳುಗಳ ಬೆನ್ನು ಹತ್ತುತ್ತಿದ್ದ!

ಬ್ರಿಟಿಷರ ಕಾಲ. ಪುಣೆಯ ಸದಾಶಿವ ಪೇಟೆಯಲ್ಲಿ ಮಾವನ ಖಾನಾವಳಿ. ಧಾರವಾಡ, ವಿಜಾಪುರದ ಕಡೆಯಿಂದ ಬಂದ ಗುಮಾಸ್ತರೆಲ್ಲ ಅಲ್ಲಿಯೇ ಊಟಕ್ಕೆ, ನಾನೂ ಅವರಲ್ಲೊಬ್ಬ. ಅಡುಗೆಗೆ ಗುಂಡಣ್ಣನಿದ್ದರೂ ಸಾರು ಮಾತ್ರ ಮಾವನದೇ. ಊರಿಗೆಲ್ಲ ಹೆಸರಾದ ಸಾರು ಅದು. ಆ ಸೌಟನ್ನು ಬೇರೆಯವರು ಮುಟ್ಟುವಂತಿರಲಿಲ್ಲ.

ಏಕಾದಶಿಯ ಉಪವಾಸ ಮುಗಿದು ದ್ವಾದಶಿ ಬಂತೆಂದರೆ ಮಾವ ತಲೆಯ ರುಮಾಲು ತೆಗೆದು ಗೂಟಕ್ಕೆ ಹಾಕಿ, ಕೆಲಸದವರನ್ನೆಲ್ಲ ಪಂಕ್ತಿಯಲ್ಲಿ ಕೂರಿಸಿ ತಾನೇ ಬಡಿಸುತ್ತಿದ್ದ.

“ರುಮಾಲು ಗೂಟದ ಮ್ಯಾಲ ಇರೂತನಕ ನಾ ಯಜಮಾನ ಅಲ್ಲ. ನನ್ನ ತಪ್ಪು ಏನವ, ಹೇಳ್ರಿ.”

ಯಾರು ಹೇಳುತ್ತಾರೆ? ಊಟ ಮುಗಿದ ಮೇಲೆ ಅದೇ ರುಮಾಲು ಮತ್ತೆ ತಲೆಗೇರುವುದು ಎಲ್ಲರಿಗೂ ಗೊತ್ತಿತ್ತಲ್ಲ! “ಎಲ್ಲಾ ಭಾಳ ಛಲೋ ಅದರಿ, ರಾಯರ” ಎಂದು ತಲೆ ತಗ್ಗಿಸಿ ಉಣ್ಣುತ್ತಿದ್ದರು.

ಒಂದು ದ್ವಾದಶಿ ಮಾವ ಬೇಕೆಂದೇ ಸಾರಿಗೆ ಉಪ್ಪು ಹಾಕಲಿಲ್ಲ. ಪಂಕ್ತಿಗೆ ಪಂಕ್ತಿಯೇ ‘ಅಮೃತ’ ಎಂದಿತು. ಗುಂಡಣ್ಣ ಮಾತ್ರ ಮುಖ ಸಿಂಡರಿಸಿ, “ಉಪ್ಪು ಮರತೀರಿ, ರಾಯರ” ಎಂದ. ಮಾವನಿಗೆ ನಿಧಿ ಸಿಕ್ಕಷ್ಟು ಖುಷಿ. ತನ್ನ ಪಾಲಿನ ಹೋಳಿಗೆಯನ್ನು ಅವನ ಎಲೆಗೆ ಹಾಕಿ ಮೇಲೆ ತುಪ್ಪ ಸುರಿದ.

ಆಮೇಲೆ ಕೇಳಬೇಕೆ? ಹೋಳಿಗೆಯ ಆಸೆಗೆ ತಪ್ಪುಗಳ ಸುಗ್ಗಿ! ಒಬ್ಬನಿಗೆ ಮಾವನ ಗೊರಕೆಯ ದೂರು. “ನಿಮ್ಮ ಭಜನಿ ಕೇಳಿ ಗಿರಾಕಿ ಅರ್ಧಾ ಉಂಡು ಏಳ್ತಾರ್ರಿ” ಎಂದು ಇನ್ನೊಬ್ಬ. ಒಳಗಿನಿಂದ ಅತ್ತೆ ಕೂಗಿದಳು: “ನನಗೂ ಹೇಳೂದು ಭಾಳ ಅದ. ಆದ್ರ ಅಷ್ಟು ಹೋಳಿಗಿ ಮಾಡಲಿಕ್ಕೆ ನನ್ನ ಕಡೆ ಆಗಂಗಿಲ್ಲ.”

ವರ್ಷಗಳು ಕಳೆದವು. ಮಾವನಿಗೆ ವಯಸ್ಸಾಯಿತು, ಸಾರು ದಿನೇ ದಿನೇ ಉಪ್ಪಾಗತೊಡಗಿತು. ಗುಮಾಸ್ತರು ಒಬ್ಬೊಬ್ಬರಾಗಿ ಎದುರಿನ ಖಾನಾವಳಿಗೆ ಜಾರಿದರು. “ಗಿರಾಕಿ ಯಾಕ ಕಡಿಮಿ ಆದ್ರು?” ಎಂದು ಮಾವ ಕೇಳಿದರೆ, “ಲಡಾಯಿ ಕಾಲ ಅಲ್ಲೇನ್ರಿ” ಎಂದು ಆಳುಗಳು ಯುದ್ಧದ ನೆಪ ಹೇಳುತ್ತಿದ್ದರು. ಗೊರಕೆಯ ಬಗ್ಗೆ ದೂರುವುದು ಸುಲಭ. ಸಾರಿನ ಬಗ್ಗೆ ಬಾಯಿ ಬಿಡುವವರು ಯಾರು? ನನಗೂ ಧೈರ್ಯವಿರಲಿಲ್ಲ. ಖಾನಾವಳಿ ಮುಚ್ಚುವ ಹಾಗಾಯಿತು.

ಒಂದು ಮಧ್ಯಾಹ್ನ, ದ್ವಾದಶಿಯೂ ಅಲ್ಲ ಏನೂ ಅಲ್ಲ, ಗುಂಡಣ್ಣ ಕೈ ತೊಳೆದುಕೊಂಡು ಬಂದು ಮಾವನ ತಲೆಯ ರುಮಾಲನ್ನು ಎರಡೂ ಕೈಯಿಂದ ಎತ್ತಿದ. ಯಜಮಾನನ ರುಮಾಲಿಗೆ ಆಳು ಕೈ ಹಾಕುವುದೆಂದರೇನು? ಅವನು ಅದನ್ನು ಮೆಲ್ಲಗೆ ಗೂಟಕ್ಕೆ ಹಾಕಿ ಬಂದು ನಿಂತ.

“ರಾಯರ, ನಿಮ್ಮ ನಾಲಿಗಿ ರುಚಿ ಹೋಗೇದರಿ. ಸಾರು ಬಾಯಾಗ ಇಡಲಿಕ್ಕೆ ಆಗವಲ್ದು.”

ಮಾವ ಗೂಟದ ಕಡೆಗೊಮ್ಮೆ ನೋಡಿದ. ಆಮೇಲೆ ಸೌಟನ್ನು ಗುಂಡಣ್ಣನ ಕೈಗಿಟ್ಟು, “ಇವತ್ತ ಹೋಳಿಗಿ ಇಲ್ಲಲೋ ಗುಂಡಣ್ಣ” ಎಂದ.

ಗಿರಾಕಿಗಳು ಮರಳಿ ಬಂದರು. ಮಾವ ಇರುವತನಕ ಗುಂಡಣ್ಣ ದಿನವೂ ಮೊದಲು ಅವನ ಅಂಗೈಗೆ ಸಾರು ಹಾಕುತ್ತಿದ್ದ. ರುಚಿಯೇ ತಿಳಿಯದ ಮಾವ ಚಪ್ಪರಿಸಿ, “ಹೆಂಗಾಗೇದ? ಖರೇ ಹೇಳು” ಎನ್ನುತ್ತಿದ್ದ.

“ನಿಮ್ಮ ಕೈ ರುಚಿ ಬರಂಗಿಲ್ಲ ಬಿಡ್ರಿ, ರಾಯರ.”

ಅದು ಸುಳ್ಳೆಂದು ಮಾವನಿಗೂ ಗೊತ್ತಿತ್ತು. ಜೀವಮಾನವಿಡೀ ಖರೆ ಮಾತಿಗಾಗಿ ಆಳುಗಳನ್ನು ಕಾಡಿದವನು, ಆ ಒಂದು ಸುಳ್ಳನ್ನು ಮಾತ್ರ ದಿನವೂ ಕೇಳಿ ಪಡೆಯುತ್ತಿದ್ದ.