ಬಾನೆಟ್ಟಿನೊಳಗಿನ ಹಳದಿ ಗೀಚು

ಬೇರೆಯವರ ವಸ್ತು ಕೊಳೆಯಾಗಿರುವುದು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದೊಂದು ಸದ್ಗುಣ ಅಂತಲೇ ನಲವತ್ತು ವರ್ಷ ನಂಬಿಕೊಂಡು ಬಂದವನು ನಾನು. ಹಾಸ್ಟೆಲಿನಲ್ಲಿ ರೂಮ್‌ಮೇಟ್ ಒಬ್ಬ ಆಸೆಪಟ್ಟು ಮಾಸಲು ಬಣ್ಣದ ಜೀನ್ಸ್ ತಂದಿದ್ದ. ಪಾಪ, ಬಣ್ಣ ಹೋಗಿದೆಯಲ್ಲ ಅಂತ ಅದಕ್ಕೆ ಗಟ್ಟಿಯಾಗಿ ನೀಲಿ ಹಾಕಿ ಒಗೆದುಕೊಟ್ಟೆ. ಮೂರು ತಿಂಗಳು ಮಾತು ಬಿಟ್ಟ. ಆಗಲೇ ಬುದ್ಧಿ ಬರಬೇಕಿತ್ತು. ಬಂದಿದ್ದರೂ ಅದನ್ನೂ ಒಗೆದುಹಾಕಿರುತ್ತೀರಿ ಅನ್ನುತ್ತಾಳೆ ನನ್ನ ಹೆಂಡತಿ ಸುಮಾ.

ಮೆಲ್ಬರ್ನಿನ ಟ್ರುಗನಿನಾದಲ್ಲಿ ನಮ್ಮ ಪಕ್ಕದ ಮನೆಯವರು ಕೆನ್. ರಿಟೈರಾದ ಲಾರಿ ಡ್ರೈವರ್, ವಯಸ್ಸು ಎಪ್ಪತ್ತೆಂಟು. ನನ್ನ ಮಗಳಿಗೆ ಕೆನ್ ಅಂಕಲ್, ಹಾಗಾಗಿ ನನಗೂ ಅಂಕಲ್. ಅವರ ಗ್ಯಾರೇಜಿನಲ್ಲಿ ಒಂದು ಹಳೆಯ ಅಮೆರಿಕನ್ ಕಾರು ಇದೆ. ದೊಡ್ಡ ಕಂಪನಿಗಳ ಜೊತೆ ಏಗಲಾರದೆ ಎಂದೋ ಬಾಗಿಲು ಹಾಕಿಕೊಂಡ ಒಂದು ಸಣ್ಣ ಕಂಪನಿಯದು. ಅದರ ಹೆಸರು ಬರೆಯುವುದಕ್ಕೂ ನನಗೀಗ ಮುಖವಿಲ್ಲ. ಅಂಕಲ್ ಅದಕ್ಕೆ ಹೊಸ ಬಣ್ಣ ಹೊಡೆಸಿಲ್ಲ, ಸೀಟಿನ ಬಟ್ಟೆ ಬದಲಿಸಿಲ್ಲ. ಇದ್ದದ್ದು ಇದ್ದ ಹಾಗೇ ಇರಬೇಕು ಅನ್ನುವುದು ಅವರ ಹಟ. ಜಿಪುಣತನ ಇರಬಹುದು ಅಂದುಕೊಂಡಿದ್ದೆ.

ಹೋದ ವರ್ಷ ಆಯುಧಪೂಜೆಯ ದಿನ ನನ್ನ ಕಾರಿಗೆ ಹೂವಿನ ಹಾರ ಹಾಕುವಾಗ ಅಂಕಲ್ ಬೇಲಿಯಾಚೆಯಿಂದ ನೋಡಿ, ತಮ್ಮದಕ್ಕೂ ಮಾಡು ಅಂದರು. ವಾರದಲ್ಲೇ ಅವರು ಅದನ್ನು ಸಿಡ್ನಿಯ ಹಳೆಯ ಕಾರುಗಳ ಸ್ಪರ್ಧೆಗೆ ಒಯ್ಯುವವರಿದ್ದರು. ಕೀ ನನ್ನ ಕೈಗಿಟ್ಟು ಹಾಲು ತರಲು ಹೋದರು. ಕೊಳೆಯಾದ ಗಾಡಿಗೆ ಪೂಜೆ ಮಾಡುವುದುಂಟೇ? ನಮ್ಮಪ್ಪ ಸ್ಕೂಟರಿನ ಎಂಜಿನ್ನನ್ನೂ ಒರೆಸಿಯೇ ಕುಂಕುಮ ಇಡುತ್ತಿದ್ದರು. ಬಾನೆಟ್ ಎತ್ತಿದೆ. ಒಳಮೈಯಲ್ಲಿ ಯಾರೋ ಹಳದಿ ಬಳಪದಿಂದ ಒಂದು ನಂಬರು, ಎರಡಕ್ಷರ ಗೀಚಿದ್ದರು. ಯಾವುದೋ ಮಗುವಿನ ಕೆಲಸ ಅಂತ, ಜಿಡ್ಡು ತೆಗೆಯುವ ಸ್ಪ್ರೇ ಹೊಡೆದು ಪಾತ್ರೆ ಉಜ್ಜುವ ಹಾಗೆ ಉಜ್ಜಿದೆ. ಫಳಫಳ ಅಂತು. ಕುಂಕುಮವಿಟ್ಟು ಬಾನೆಟ್ ಮುಚ್ಚಿದೆ.

ಸಿಡ್ನಿಗೆ ಜೊತೆಗೆ ಬಾ ಅಂತ ಅಂಕಲ್ ಕರೆದರು. ಹೋದೆ. ಶನಿವಾರ ಬೆಳಗ್ಗೆ ಮೈದಾನದಲ್ಲಿ ತೀರ್ಪುಗಾರರ ಮುಂದೆ ಬಾನೆಟ್ ಎತ್ತಿದರು. ಕಾರ್ಖಾನೆಯಲ್ಲಿ ಈ ಕಾರನ್ನು ಪರೀಕ್ಷೆ ಮಾಡಿ ಕಳಿಸಿದ ಕೆಲಸಗಾರನ ಕೈಬರಹ ಇದು, ಇಷ್ಟು ವರ್ಷವಾದರೂ ಅಳಿಸಿಲ್ಲ ಅಂತ ಹೇಳುತ್ತಾ ಬೆರಳು ತೋರಿಸಿದರು. ಬೆರಳು ತೋರಿಸಿದ ಜಾಗದಲ್ಲಿ ನನ್ನ ಉಜ್ಜಾಟ ಹೊಳೆಯುತ್ತಿತ್ತು.

ಅಂಕಲ್‌ಗೆ ನನ್ನ ಮೇಲೆ ಅನುಮಾನ ಬರಲೂ ಇಲ್ಲ. ಹೋದ ವಾರ ತಾವೇ ಎಂಜಿನ್ ಒರೆಸಿದ್ದು ನೆನಪಿದೆ, ಆಗಲೇ ಇದನ್ನೂ ಒರೆಸಿಬಿಟ್ಟಿರಬಹುದು, ಅದು ಮಾತ್ರ ನೆನಪಿಗೆ ಬರುತ್ತಿಲ್ಲ ಅಂದರು. ಸಿಡ್ನಿಯಲ್ಲೇ ಇರುವ ಅವರ ಮಗಳು ಪಕ್ಕದಲ್ಲಿದ್ದಳು. ಅಪ್ಪನಿಗೆ ಮರೆವು ಹೆಚ್ಚುತ್ತಿದೆ, ಡ್ರೈವಿಂಗ್ ಬಿಡಬೇಕು ಅಂತ ವರ್ಷದಿಂದ ಹೇಳುತ್ತಿದ್ದವಳು. ಅಂಕಲ್ ವಾದ ಮಾಡಲಿಲ್ಲ. ಆಯಿತು, ಮನೆಗೆ ಹೋದಮೇಲೆ ಕಾರು ಮಾರುತ್ತೇನೆ ಅಂದುಬಿಟ್ಟರು. ನಾನು? ನಾನು ಎಲ್ಲರಿಗೂ ಕಾಫಿ ತರುತ್ತೇನೆ ಅಂತ ಅಲ್ಲಿಂದ ಕಾಲುಕಿತ್ತೆ. ಥೂ, ನನ್ನ ಜನ್ಮಕ್ಕೆ.

ಆ ಸಂಜೆ ಅಂಕಲ್ ಮಗಳ ಮನೆಗೆ ಹೋದರು, ನಾನು ಸಿಡ್ನಿಯಲ್ಲೇ ಪೆಂಡಲ್ ಹಿಲ್‌ನ ಗೆಳೆಯನ ಮನೆಯಲ್ಲಿ ಉಳಿದೆ. ಸ್ಟೇಷನ್ ಹತ್ತಿರದ ಹೋಟೆಲಿನಿಂದ ಮಸಾಲೆದೋಸೆ ತಂದಿಟ್ಟ, ಅದನ್ನು ಅರ್ಧಕ್ಕೇ ಬಿಟ್ಟೆ. ಸುಮಾಗೆ ಫೋನು ಮಾಡಿ ಎಲ್ಲ ಹೇಳಿದೆ. ಅವಳು, “ರೀ, ನಂಗ್ ಹೇಳಿ ಏನ್ ಪ್ರಯೋಜನ? ಅವ್ರಿಗೆ ಹೇಳಿ,” ಅಂದಳು. ನಾಳೆ ಹೇಳುತ್ತೇನೆ ಅಂದೆ. ನಾಳೆ ಬಂತು. ಹೇಳಲು ಹೊರಟಾಗಲೆಲ್ಲ ಹವಾಮಾನದ ಬಗ್ಗೆ ಮಾತಾಡಿದೆ. ಮೆಲ್ಬರ್ನ್ ದಾರಿಯಲ್ಲಿ ಹವಾಮಾನ ಅಷ್ಟೊಂದು ಇರಲೂ ಇಲ್ಲ.

ಅರ್ಧ ದಾರಿಯ ಪೆಟ್ರೋಲ್ ಬಂಕಿನಲ್ಲಿ ಅಂಕಲ್ ಇಳಿದು ನನ್ನ ಬಾಗಿಲ ಹತ್ತಿರ ಬಂದು ಕೀ ಚಾಚಿದರು. “ನೀನೇ ಓಡಿಸು. ನನ್ನ ತಲೆಯ ಮೇಲೆ ನನಗೇ ನಂಬಿಕೆ ಹೋಗಿದೆ.”

ಆ ಕೀ ಹಿಡಿಯಲು ನನ್ನ ಕೈ ಏಳಲಿಲ್ಲ. “ಅಂಕಲ್, ಅದನ್ನು ಉಜ್ಜಿದ್ದು ನಾನು. ಪೂಜೆಯ ದಿನ,” ಅಂದೆ.

ಬೈಯುತ್ತಾರೆ ಅಂದುಕೊಂಡೆ. ಅಂಕಲ್ ಕಾರಿಗೆ ಒರಗಿ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಲ್ಲಿಂದಲೇ ಮಗಳಿಗೆ ಫೋನು ಹಚ್ಚಿ, ನನ್ನ ತಲೆ ಸರಿಯಾಗಿದೆ, ಕಾರು ಮಾರುವುದಿಲ್ಲ, ಅದನ್ನು ಒರೆಸಿದವನು ಪಕ್ಕದ ಮನೆಯ ಈ ಮಹಾನುಭಾವ ಅಂತ ಇಡೀ ಬಂಕಿಗೆ ಕೇಳುವಂತೆ ಹೇಳಿದರು. ನನಗೆ ಎದೆಯ ಭಾರ ಇಳಿಯಿತು. ನಾನೂ ನಕ್ಕೆ. ಅಂಕಲ್ ಫೋನು ಜೇಬಿಗೆ ಹಾಕಿ ನನ್ನನ್ನೇ ನೋಡಿದರು.

“ನಿನಗೆ ನಿನ್ನೆ ಬೆಳಗ್ಗೆಯೇ ಗೊತ್ತಿತ್ತು, ಅಲ್ಲವಾ? ನಾನು ರಾತ್ರಿಯಿಡೀ ಮಲಗಲಿಲ್ಲ.”

ಅಷ್ಟೇ ಅಂದದ್ದು. ಮನೆ ಮುಟ್ಟುವವರೆಗೆ ಅವರೇ ಓಡಿಸಿದರು, ಅದೂ ಬಹಳ ಚೆನ್ನಾಗಿ.

ಮರುದಿನ ಡಾಕ್‌ಲ್ಯಾಂಡ್ಸ್‌ನ ನಮ್ಮ ಆಫೀಸಿನಲ್ಲಿ ಹೊಸಬರಿಗೆ ನಾನೇ ಟ್ರೇನಿಂಗ್ ಕೊಡಬೇಕಿತ್ತು. ವಿಷಯ, ಕೆಲಸದಲ್ಲಿ ತಪ್ಪಾದರೆ ಮುಚ್ಚಿಡದೆ ತಕ್ಷಣ ಒಪ್ಪಿಕೊಳ್ಳುವುದು ಹೇಗೆ. ಒಂದು ಗಂಟೆ ನಿರರ್ಗಳವಾಗಿ ಮಾತಾಡಿದೆ, ಚಪ್ಪಾಳೆಯೂ ಬಿತ್ತು. ಪ್ರಶ್ನೆಗಳೇನಾದರೂ ಇವೆಯೇ ಅಂತ ಮಾತ್ರ ನಾನು ಕೇಳಲಿಲ್ಲ.